‘ಸಂಬಂಧಿಗಳ ವಿವರ’: ಒಂದು ಸರಕಾರಿ ನಮೂನೆಯ ವಿಮರ್ಶೆ

ವಿಮರ್ಶೆಗೆ ಕಾವ್ಯ, ಕಾದಂಬರಿಗಳೇ ಆಗಬೇಕೆಂಬ ಕಟ್ಟಳೆಯೇನೂ ಇಲ್ಲ. ಕೇಂದ್ರ ಸರಕಾರದ ನೌಕರಿಗೆ ಆಯ್ಕೆಯಾದವರು ಪೂರ್ವಾಪರ ವಿಚಾರಣೆಗಾಗಿ ತುಂಬಿಕೊಡಬೇಕಾದ ‘ಅಟೆಸ್ಟೇಶನ್ ಫಾರಂ’ ಎಂಬ ಕೃತಿಯನ್ನು ನಮ್ಮ ಜನ ಯಾವ ಕಾದಂಬರಿಗಿಂತಲೂ ಹೆಚ್ಚಿನ ಆತಂಕದಿಂದ ಓದುತ್ತಾರೆ. ದೇವದುರ್ಗ, ಮಾನ್ವಿಗಳಿಂದ ರಾಯಚೂರಿಗೆ ಬಂದು ಓದಿದ ಹುಡುಗರು ಅದನ್ನು ಹಿಡಿದು ಬರುತ್ತಾರೆ. ಇಂಗ್ಲಿಷ್, ಹಿಂದಿಗಳಲ್ಲಿರುವ ಅದಕ್ಕೆ ಅರ್ಥ ಹೇಳುವ ಕೆಲಸ ಕನ್ನಡದ ಮಾಸ್ತರನದು.

ತಂದೆ, ತಾಯಿ, ಪತಿ ಅಥವಾ ಪತ್ನಿ, ಸೋದರ, ಸೋದರಿ ಇವರ ರಾಷ್ಟ್ರೀಯತೆ, ಹುಟ್ಟಿದೂರು, ಉದ್ಯೋಗ, ವಿಳಾಸ. ಮಕ್ಕಳು ಪರದೇಶದಲ್ಲಿದ್ದರೆ ಅವರ ವಿವರ ಬೇರೆ. ಸೋದರಮಾವನನ್ನು ಕೇಳದೆ ಲಗ್ನದ ಮಾತೆತ್ತದ ನಮ್ಮ ಸೀಮೆಯಲ್ಲಿ, ಆ ಮಾವ ಕರಾಚಿಯಲ್ಲಿದ್ದರೂ ಈ ಕೋಷ್ಟಕ ಅವನನ್ನು ಕಾಣದು. ಹತ್ತು ವರ್ಷ ಒಂದು ಪತ್ರವನ್ನೂ ಬರೆಯದ ಅಣ್ಣ ದುಬೈಯಲ್ಲಿದ್ದರೆ ಮಾತ್ರ ಅವನಿಗೆ ಒಂದು ಸಾಲು ಮೀಸಲು. ಹೋಗಿಬರುವ ಬಳಕೆ ಇದೆಯೇ ಎಂಬ ಪ್ರಶ್ನೆ ಅಲ್ಲಿಲ್ಲ. ಭದ್ರತೆಯ ದೃಷ್ಟಿಯಿಂದ ಮೊದಲು ಕೇಳಬೇಕಾದುದೇ ಅದಲ್ಲವೆ?

ಹೆಚ್ಚಿನ ಅನರ್ಥ ಒಂದು ಪದದಿಂದ. ‘ರಾಷ್ಟ್ರೀಯತೆ’ ಎಂದರೆ ಕನ್ನಡದಲ್ಲಿ ದೇಶಾಭಿಮಾನವೂ ಹೌದು, ಪ್ರಜೆಯ ಗುರುತೂ ಹೌದು. ಓದುವವನಿಗೆ ತನ್ನ ನಿಷ್ಠೆಯನ್ನೇ ಪ್ರಶ್ನಿಸಿದಂತೆ ತೋರುತ್ತದೆ. ರಿಯಾದಿನಲ್ಲಿ ದುಡಿಯುವ, ಭಾರತದ ಪಾಸ್‌ಪೋರ್ಟ್ ಇರುವ ಅಣ್ಣ ಭಾರತೀಯನೇ. ಅವನೆದುರು ‘ಸೌದಿ’ ಎಂದು ಬರೆದರೆ ತಮ್ಮನೇ ಅವನನ್ನು ಪರದೇಶಿಯಾಗಿಸಿದಂತಾಯಿತು. ಹೆದರಿ ಅವನ ಹೆಸರನ್ನೇ ಬಿಟ್ಟರೆ ಇನ್ನೂ ಕೇಡು. ಸುಳ್ಳು ಹೇಳುವುದು, ಸಂಗತಿ ಮುಚ್ಚಿಡುವುದು ಅನರ್ಹತೆಯೆಂದು ನಮೂನೆಯ ನೆತ್ತಿಯ ಮೇಲೆಯೇ ಬರೆದಿದೆ. ಪರದೇಶದಲ್ಲಿ ನೆಂಟರಿರುವುದು ಅನರ್ಹತೆಯೆಂದು ಅದರಲ್ಲಿ ಎಲ್ಲಿಯೂ ಇಲ್ಲ.

ಪರದೇಶವೆಂಬುದು ನಮ್ಮ ಹಿರಿಯರ ಪಾಲಿಗೆ ಕುಳಿತಲ್ಲಿಗೇ ಬಂದದ್ದುಂಟು. 1947ರ ಆಗಸ್ಟ್ 15ರಿಂದ 1948ರ ಸೆಪ್ಟೆಂಬರಿನವರೆಗೆ ಮಾನ್ವಿ ನಿಜಾಮರದು. ತುಂಗಭದ್ರೆಯಾಚೆಯ ಆದವಾನಿ ಭಾರತದ್ದು. ಹೊಳೆಯಾಚೆ ಕೊಟ್ಟ ಮಗಳು ಹದಿಮೂರು ತಿಂಗಳು ಪರರಾಜ್ಯದವಳಾಗಿದ್ದಳು! 1956ರಲ್ಲಿ ಹೈದರಾಬಾದ್ ಹೋಗಿ ಮೈಸೂರು, 1973ರಲ್ಲಿ ಕರ್ನಾಟಕ. ತಂದೆ ಮೂಲತಃ ಯಾವ ರಾಜ್ಯದವರೆಂದು ನಮೂನೆ ಕೇಳಿದಾಗ ಹುಡುಗರು ಪೆನ್ನು ಎತ್ತಿ ಹಿಡಿದು ಕೂರುವುದು ಸಹಜವೇ.

ನಿಯಮಗಳು ಭಯದಷ್ಟು ಕಠಿನವಲ್ಲ. 1964ರ ಕೇಂದ್ರ ನಾಗರಿಕ ಸೇವಾ ನಡತೆ ನಿಯಮಗಳಂತೆ, ಪರದೇಶದ ಪ್ರಜೆಯನ್ನು ಮದುವೆಯಾದ ನೌಕರ ಸರಕಾರಕ್ಕೆ ಕೂಡಲೇ ತಿಳಿಸಬೇಕು. ವಿದೇಶಾಂಗ ಸೇವೆಯಲ್ಲಿದ್ದ ಕೆ. ಆರ್. ನಾರಾಯಣನ್ ಅವರು ಬರ್ಮಾದ ಮಾ ಟಿಂಟ್ ಟಿಂಟ್ ಅವರನ್ನು 1951ರಲ್ಲಿ ವರಿಸಲು ನೆಹರೂ ಅವರ ವಿಶೇಷ ಅನುಮತಿ ಬೇಕಾಯಿತು. 1997ರಲ್ಲಿ ನಾರಾಯಣನ್ ರಾಷ್ಟ್ರಪತಿಗಳಾದರು. ಆ ಹೊತ್ತಿಗೆ ಆಕೆ ಉಷಾ ನಾರಾಯಣನ್.

ಮಾನ್ವಿಯ ಹುಡುಗನಿಗೆ ನೆಹರೂ ಬೇಕಿಲ್ಲ. ನಮೂನೆಯ ಜೊತೆಗೆ ತಿಳಿಗನ್ನಡದ ಒಂದು ಪುಟ, ಅದರಲ್ಲಿ ‘ರಾಷ್ಟ್ರೀಯತೆ’ಯ ಬದಲು ‘ಯಾವ ದೇಶದ ಪ್ರಜೆ’ ಎಂಬ ಮಾತು, ಇಷ್ಟಾದರೆ ಅವನು ಅಣ್ಣನ ಹೆಸರನ್ನು ನಿರ್ಭಯವಾಗಿ ಬರೆದಾನು.