ನೋವು ಹೋದ ಮೇಲಿನ ತಾಲೀಮು

ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ಕಬಡ್ಡಿ, ಖೊಖೊ ಅಂಗಳಗಳಲ್ಲಿ ಕಾಲು ಉಳುಕಿಸಿಕೊಂಡ ಹುಡುಗನಿಗೆ ಸಿಗುವ ಆರೈಕೆ ಹೆಚ್ಚುಕಡಿಮೆ ಒಂದೇ ಬಗೆಯದು. ಮೊದಲು ಸ್ಪ್ರೇ ಅಥವಾ ಐಸು, ಆಮೇಲೆ ಊರಲ್ಲಿ ಉಳುಕು ತಿಕ್ಕುವವರ ಕೈ, ಮೇಲೊಂದು ಕ್ರೇಪ್ ಬ್ಯಾಂಡೇಜು, ಒಂದಷ್ಟು ದಿನ ವಿಶ್ರಾಂತಿ. ಬಾವು ಇಳಿದು ನೋವು ಹೋದರೆ ಕಾಲು ನೆಟ್ಟಗಾಯಿತೆಂದೇ ಲೆಕ್ಕ. ಅಥಣಿ, ರಾಯಬಾಗ, ಕಾಗವಾಡ, ನಿಪ್ಪಾಣಿಯ ಆಟಗಾರರಿಗೆಲ್ಲ ಇದು ಗೊತ್ತಿರುವ ದಾರಿ. ಈ ದಾರಿ ನಿಲ್ಲಬಾರದ ಕಡೆ ನಿಲ್ಲುತ್ತದೆ ಎಂಬುದೇ ನನ್ನ ತಕರಾರು.

ಪಾದ ಒಳಮುಖವಾಗಿ ಮಡಚಿದಾಗ ಕಣಕಾಲಿನ ಹೊರಬದಿಯ ಅಸ್ಥಿರಜ್ಜು ಹಿಗ್ಗುತ್ತದೆ, ಕೆಲವೊಮ್ಮೆ ಹರಿಯುತ್ತದೆ. ನೋವು ಕೆಲವೇ ವಾರಗಳಲ್ಲಿ ಹೋಗಬಹುದು. ಆದರೆ ವರ್ಷ ಕಳೆದರೂ ಕಾಲು ಆಗಾಗ ಜಾರಿದಂತಾಗುವುದು, ಮತ್ತೆಮತ್ತೆ ಅದೇ ಕಾಲೇ ಉಳುಕುವುದು ಉಳಿದರೆ ವೈದ್ಯರು ಅದನ್ನು ಕಣಕಾಲಿನ ದೀರ್ಘಕಾಲದ ಅಸ್ಥಿರತೆ ಎನ್ನುತ್ತಾರೆ. ಮೊದಲ ಸಲ ಉಳುಕಿಸಿಕೊಂಡವರನ್ನು ಒಂದು ವರ್ಷ ಗಮನಿಸಿದ ಡಬ್ಲಿನ್ನಿನ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 40ರಷ್ಟು ಮಂದಿ ಈ ಸ್ಥಿತಿಗೆ ತಲುಪಿದ್ದರು. ಇದನ್ನು ಸಣ್ಣ ಪೆಟ್ಟು ಎಂದು ಹೇಗೆ ಕರೆಯುವುದು?

ಇದಕ್ಕೆ ಸಮತೋಲದ ವ್ಯಾಯಾಮವನ್ನು ಮುಂದಿಟ್ಟವರು ಬ್ರಿಟನ್ನಿನ ವೈದ್ಯ ಮೈಕೆಲ್ ಫ್ರೀಮನ್, 1965ರಲ್ಲಿ. ರಜ್ಜಿನ ಜೊತೆ ಅದರೊಳಗಿನ ನರತುದಿಗಳಿಗೂ ಪೆಟ್ಟಾಗುತ್ತದೆ, ಪಾದ ಹೇಗೆ ವಾಲಿದೆ ಎಂಬ ಸುದ್ದಿ ಮಿದುಳಿಗೆ ಸರಿಯಾಗಿ ಮುಟ್ಟುವುದಿಲ್ಲ ಎಂಬುದು ಅವರ ವಾದ. ಮುಂದೆ ರಜ್ಜಿಗೆ ಅರಿವಳಿಕೆ ಕೊಟ್ಟು ನೋಡಿದ ಪ್ರಯೋಗಗಳಲ್ಲಿ ಸಮತೋಲ ಅಷ್ಟೇನೂ ಕೆಡಲಿಲ್ಲ, ವಾದ ಸಡಿಲಾಯಿತು. ವ್ಯಾಯಾಮ ಮಾತ್ರ ಗಟ್ಟಿಯಾಗಿ ನಿಂತಿತು. ಪಾದ ಮಡಚುವುದು ನೆಲ ಮುಟ್ಟಿದ ಮೇಲೆ ಸುಮಾರು ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ. ಅಷ್ಟರಲ್ಲಿ ಎಚ್ಚೆತ್ತು ಪಾದವನ್ನು ಹೊರಕ್ಕೆ ಎಳೆಯಲು ಮೊಣಕಾಲ ಕೆಳಗಿನ ಹೊರಬದಿಯ ಸ್ನಾಯುಗಳಿಗೆ ಪುರಸೊತ್ತಿಲ್ಲ. ಕಾಲು ನೆಲ ಮುಟ್ಟುವ ಮೊದಲೇ ಅವು ಬಿಗಿಗೊಂಡಿರಬೇಕು. ಈ ಮುನ್ಸಿದ್ಧತೆಯನ್ನು ಕಲಿಸಲು ಎಣ್ಣೆ ತಿಕ್ಕುವುದರಿಂದಲೂ ಆಗದು, ಬ್ಯಾಂಡೇಜಿನಿಂದಲೂ ಆಗದು. ಒಂಟಿ ಕಾಲಲ್ಲಿ ನಿಂತು, ಜಿಗಿದು, ಇಳಿದು ಕಲಿಯಬೇಕು.

ನೆದರ್ಲ್ಯಾಂಡ್ಸಿನ 522 ಕ್ರೀಡಾಪಟುಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗ ನನಗೆ ಬಹಳ ಮುಖ್ಯವೆನಿಸುತ್ತದೆ. ಮನೆಯಲ್ಲೇ 8 ವಾರ ಸಮತೋಲದ ವ್ಯಾಯಾಮ ಮಾಡಿದವರಲ್ಲಿ ವರ್ಷದೊಳಗೆ ಮತ್ತೆ ಉಳುಕಿದ್ದು ಶೇ. 22 ಮಂದಿಗೆ, ಮಾಡದವರಲ್ಲಿ ಶೇ. 33 ಮಂದಿಗೆ. ಮೊದಲ ಉಳುಕಿಗೆ ವೈದ್ಯರ ಬಳಿ ಹೋಗದೇ ಇದ್ದವರಿಗೇ ಹೆಚ್ಚು ಲಾಭವಾಯಿತೆಂಬುದು ಅದರ ಇನ್ನೊಂದು ಮಾತು. ನಮ್ಮ ಹುಡುಗರು ಹೆಚ್ಚಿನವರು ಆ ಗುಂಪಿನವರೇ. ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆಯ ಫಿಜಿಯೊಥೆರಪಿ ಕಾಲೇಜಿದೆ. ಕಾಗವಾಡದವರಿಗೆ ಮಿರಜ ಇನ್ನೂ ಹತ್ತಿರ. ಆದರೆ ಕಬ್ಬಿನ ಹೊಲದ ಕೆಲಸ, ಶಾಲೆ ಎರಡನ್ನೂ ತೂಗಿಸುವ ಮನೆಯ ಮಗ ವಾರಕ್ಕೆ ಮೂರು ಸಲ ಬಸ್ಸು ಹತ್ತಿ ಹೋಗುವುದು ಆಗದ ಮಾತು.

ಹಾಗೆಂದು ಮನೆಯಲ್ಲೇ ಮಾಡಲು ಹೊರದೇಶದ ವ್ಯಾಯಾಮಗಳ ಪಟ್ಟಿಯನ್ನು ಹಾಗೆಯೇ ಇಳಿಸಿಕೊಂಡರೆ ಸಾಲದು. ಅದರಲ್ಲಿ ಹಲವು ಸಮತಟ್ಟು ನೆಲದ ಮೇಲೆ, ಕಣ್ಣು ಎದುರಿಗಿಟ್ಟು, ನಿಧಾನವಾಗಿ ಮಾಡುವಂಥವು. ಕಬಡ್ಡಿಯ ರೈಡರ್ 30 ಸೆಕೆಂಡಿನಲ್ಲಿ ಏಳು ಜನರ ನಡುವೆ ತಿರುಗಬೇಕು, ಕಣ್ಣು ಅವರ ಮೇಲೆ, ನೆಲದ ಮೇಲಲ್ಲ. ಸಾಲದ್ದಕ್ಕೆ ಎದುರಾಳಿ ಹಿಡಿಯುವುದೇ ಕಣಕಾಲನ್ನು. ಅಸ್ಥಿರತೆ ಇರುವವರು ನಿಲ್ಲಲು ಕಣ್ಣನ್ನೇ ಹೆಚ್ಚು ನಂಬುತ್ತಾರೆಂದು ಅಧ್ಯಯನಗಳು ತೋರಿಸಿವೆ. ಹಾಗಿದ್ದ ಮೇಲೆ ಕಣ್ಣು ಮುಚ್ಚಿ ನಿಲ್ಲುವುದು, ಚೆಂಡು ಹಿಡಿಯುತ್ತ ಒಂಟಿ ಕಾಲಲ್ಲಿ ಕುಪ್ಪಳಿಸುವುದು, ಗೆಳೆಯ ತಳ್ಳಿದಾಗ ಕದಲದಿರುವುದು ನಮ್ಮ ಪಟ್ಟಿಯಲ್ಲಿ ಇರಲೇಬೇಕು. ಖೊಖೊ ಆಡುವವರಿಗೆ ಕಂಬ ಹಿಡಿದು ತಿರುಗುವ ಹೆಜ್ಜೆಯೂ ಬೇಕು.

ನಮ್ಮ ಗರಡಿ ಮನೆಗಳ ಬಗ್ಗೆಯೂ ಇದೇ ನಿಷ್ಠುರದಿಂದ ಹೇಳಬೇಕು. ದಂಡ, ಬೈಠಕ್ ತೊಡೆಗೆ, ಎದೆಗೆ ಕೊಡುವ ಬಲ ದೊಡ್ಡದು, ಮಟ್ಟಿಯ ಮೇಲಿನ ಬರಿಗಾಲ ಅಭ್ಯಾಸವೂ ಒಳ್ಳೆಯದೇ. ಆದರೆ ಬೈಠಕ್ ಎರಡೂ ಕಾಲಿನ ಕಸರತ್ತು. ಸೋತ ಕಾಲಿನ ಕೊರತೆಯನ್ನು ಗಟ್ಟಿ ಕಾಲು ಮುಚ್ಚಿಬಿಡುತ್ತದೆ, ವಸ್ತಾದನ ಕಣ್ಣಿಗೂ ಬೀಳುವುದಿಲ್ಲ. ಸಾವಿರ ಬೈಠಕ್ ಹೊಡೆಯುವ ಪೈಲ್ವಾನ ಒಂಟಿ ಕಾಲಲ್ಲಿ ಅಲುಗದೆ ನಿಲ್ಲಬಲ್ಲನೇ ಎಂಬುದನ್ನೂ ನೋಡಬೇಕು.

ಬೇಕಾದ ಸಾಮಾನು ದುಬಾರಿಯದಲ್ಲ. ಮೆತ್ತನೆಯ ನೆಲಕ್ಕೆ ಮಡಚಿದ ಕೌದಿ ಸಾಕು, ಪಾದವನ್ನು ಹೊರಕ್ಕೆ ಎಳೆದು ಬಲ ತುಂಬಲು ಹಳೆಯ ಸೈಕಲ್ ಟ್ಯೂಬು ಸಾಕು. ಒಂದು ಸಲಕ್ಕೆ ಕಾಲು ಗಂಟೆ, ವಾರಕ್ಕೆ ಮೂರು ಸಲ, ಕನಿಷ್ಠ ಆರರಿಂದ ಎಂಟು ವಾರ. ಬೇಸರ ಹುಟ್ಟಿಸುವ ಕೆಲಸವೆಂಬುದು ನಿಜ, ಅರ್ಧಕ್ಕೆ ಬಿಡುವವರೇ ಜಾಸ್ತಿ. ಅದಕ್ಕೇ ಇದು ಒಬ್ಬ ಹುಡುಗನ ಮನೆಪಾಠವಾಗದೆ ಇಡೀ ತಂಡದ ವಾರ್ಮಪ್ಪಿನ ಭಾಗವಾಗಬೇಕು. ಪೆಟ್ಟಾದ ಕೂಡಲೇ ನಾಲ್ಕು ಹೆಜ್ಜೆ ಇಡಲಾಗದವನಿಗೆ, ಕಣಕಾಲಿನ ಎಲುಬನ್ನೇ ಒತ್ತಿದರೆ ನೋಯುವವನಿಗೆ ಮೊದಲು ಎಕ್ಸ್‌ರೇ. ತಿಕ್ಕಿಸುವುದೂ ಬೇಡ, ವ್ಯಾಯಾಮವೂ ಬೇಡ. ತಿಂಗಳುಗಟ್ಟಲೆ ತಾಲೀಮು ಮಾಡಿದ ಮೇಲೂ ಕೀಲು ಸಡಿಲವೇ ಇದ್ದರೆ ಮೂಳೆ ವೈದ್ಯರನ್ನು ಕಾಣಬೇಕು.

ತಾಲೂಕು ಮಟ್ಟದ ಪಂದ್ಯಗಳಿಗೆ ಹೆಸರು ಬರೆದುಕೊಳ್ಳುವ ದೈಹಿಕ ಶಿಕ್ಷಕರಲ್ಲಿ ನನ್ನದೊಂದು ವಿನಂತಿ. ಹಿಂದೆ ಉಳುಕಿದ ಕಾಲಿನ ಮಕ್ಕಳನ್ನು ಕೇಳಿ ಗುರುತಿಸಿ, ಅಂಗಳಕ್ಕೆ ಇಳಿಸುವ ಮುನ್ನ ಆ ಕಾಲಿನ ಮೇಲೆ ಕಣ್ಣು ಮುಚ್ಚಿಸಿ ನಿಲ್ಲಿಸಿ ನೋಡಿ. ನಿಲ್ಲಲಾಗದವರನ್ನು ಈ ಸಲದ ಪಂದ್ಯಕ್ಕೆ ಕಳಿಸಬೇಡಿ, ತಾಲೀಮಿಗೆ ಕಳಿಸಿ.