ಎರೆಮಣ್ಣಿನ ಮೇಲೊಂದು ಶೆಡ್ಡು

ಚಚಡಿಯ ಸುತ್ತಮುತ್ತ, ಸವದತ್ತಿ, ಬೈಲಹೊಂಗಲ, ರಾಮದುರ್ಗಗಳ ಎರೆಸೀಮೆಯಲ್ಲಿ ಟ್ರ್ಯಾಕ್ಟರ್ ನಿಲ್ಲಿಸಲು, ಹೊಟ್ಟು ಮೇವು ಒಟ್ಟಲು ಅಥವಾ ಮನೆಯ ಮಗ್ಗುಲಲ್ಲಿ ಕಾರು ಇಡಲು ಕಟ್ಟುವ ಪತ್ರಾ ಶೆಡ್ಡಿನ ಆಯುಷ್ಯವನ್ನು ಮೇಲಿನ ತಗಡಿಗಿಂತ ಕೆಳಗಿನ ಮಣ್ಣೇ ಹೆಚ್ಚಾಗಿ ನಿರ್ಧರಿಸುತ್ತದೆ. ಆದರೂ ಕಟ್ಟಿಸುವವರ ಮಾತೆಲ್ಲ ತಗಡಿನ ದಪ್ಪ ಮತ್ತು ಬಣ್ಣದಲ್ಲೇ ಮುಗಿದುಹೋಗುತ್ತದೆ. ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಹೇರಳವಾಗಿರುವುದರಿಂದ ಅದು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಾಯಿ ಬಿಡುತ್ತದೆ. ಭಾರವಾದ ಕಲ್ಲಿನ ಮನೆ ತನ್ನ ತೂಕದಿಂದಲೇ ಈ ಉಬ್ಬನ್ನು ಸ್ವಲ್ಪ ಮಟ್ಟಿಗೆ ಅದುಮಿ ಹಿಡಿಯಬಲ್ಲದು, ಹಗುರವಾದ ಶೆಡ್ಡಿಗೆ ಆ ಶಕ್ತಿಯಿಲ್ಲ.

ಕೆಡುಕಿನ ಮೊದಲ ಸುಳಿವು ಗೋಡೆಯಲ್ಲಿ ಕಾಣುವುದಕ್ಕಿಂತ ಮುಂಚೆ ರೋಲಿಂಗ್ ಶಟರಿನಲ್ಲಿ ಕಾಣುತ್ತದೆ. ಬೇಸಿಗೆಯಲ್ಲಿ ಒಂದೇ ಕೈಗೆ ಸರಿಯುತ್ತಿದ್ದ ಶಟರು ಮಳೆಗಾಲದಲ್ಲಿ ಮಂಡಿಯೆತ್ತರಕ್ಕೆ ಬಂದು ಕಚ್ಚಿಕೊಳ್ಳುತ್ತದೆ, ಏಕೆಂದರೆ ಒಂದು ಬದಿಯ ಕಂಬವು ಬೆರಳಿನಷ್ಟು ಮೇಲೆದ್ದು ಶಟರಿನ ಅಂಚು ಓಡುವ ಪಟ್ಟಿ ಓರೆಯಾಗಿರುತ್ತದೆ. ಆಗ ಪಟ್ಟಿಗೆ ಗ್ರೀಸು ಬಳಿಯುವುದು ಹೊಟ್ಟೆನೋವಿಗೆ ಹಣೆಗೆ ಮುಲಾಮು ಹಚ್ಚಿದಂತೆ.

ಈ ಮಣ್ಣಿನ ಚೇಷ್ಟೆಗೆ ಉತ್ತರ ಹುಡುಕಿದವರಲ್ಲಿ ಐಐಟಿ ಬಾಂಬೆಯ ಪ್ರೊ. ಆರ್. ಕೆ. ಕಟ್ಟಿ ಅವರ ಹೆಸರು ದೊಡ್ಡದು. ಉಬ್ಬದ, ಆದರೆ ಅಂಟುಗುಣವುಳ್ಳ ಮಣ್ಣನ್ನು ಸುಮಾರು 1 ಮೀಟರ್ ದಪ್ಪಕ್ಕೆ ಎರೆಮಣ್ಣಿನ ಮೇಲೆ ಧಮ್ಮಸ್ಸು ಮಾಡಿದರೆ ಕೆಳಗಿನ ಉಬ್ಬು ಬಹುಮಟ್ಟಿಗೆ ಅಡಗುತ್ತದೆ ಎಂದು ಅವರ ಸಂಶೋಧನೆ ತೋರಿಸಿತು, ಮತ್ತು ಸವದತ್ತಿ ತಾಲ್ಲೂಕಿನ ನವಿಲುತೀರ್ಥದ ಅಣೆಕಟ್ಟಿನಿಂದ ಹೊರಡುವ ಮಲಪ್ರಭಾ ಕಾಲುವೆಯ ಕಾಮಗಾರಿಯಲ್ಲೇ ಈ ವಿಧಾನ ಬಳಕೆಗೆ ಬಂದಿತು. ಶೆಡ್ಡು ಕಟ್ಟುವವರು ಇಲ್ಲಿ ಗಮನಿಸಬೇಕಾದ ಮಾತು ‘ಅಂಟುಗುಣ’ ಎಂಬುದು. ಪಾಯಾ ತೋಡಿ ಉಸುಕು ತುಂಬಿಸುವುದು ಅನೇಕ ಗೌಂಡಿಗಳ ರೂಢಿಯಾದರೂ, ಉಸುಕು ನೀರನ್ನು ತಡೆಯದೆ ನೇರವಾಗಿ ಎರೆಗೆ ಇಳಿಸಿಬಿಡುವುದರಿಂದ ಅದು ರೋಗಕ್ಕೆ ಔಷಧವಾಗುವ ಬದಲು ಆಹಾರವೇ ಆಗುತ್ತದೆ. ಸ್ವಲ್ಪ ಜಿಗುಟಿರುವ ಕೆಂಪು ಗರಸನ್ನು ಅರ್ಧ ಅರ್ಧ ಅಡಿಯ ಪದರಗಳಲ್ಲಿ ಹದವಾಗಿ ನೀರು ಚಿಮುಕಿಸಿ ಕುಟ್ಟಿಸುವುದೇ ಲೇಸು. ಗಟ್ಟಿ ಗರಸು ನಾಲ್ಕೈದು ಅಡಿಯಲ್ಲೇ ಸಿಗುವ ಕಡೆ ಕಂಬದ ಪಾಯಾವನ್ನು ಅಲ್ಲಿಯವರೆಗೆ ಇಳಿಸಿದರೆ ಕೆಲಸ ಮುಗಿಯಿತು. ಎರೆ ಬಹಳ ಆಳವಾಗಿದ್ದರೆ, ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ರೂಪಿಸಿದ, ಸುಮಾರು 3.5 ಮೀಟರ್ ಆಳಕ್ಕೆ ಇಳಿದು ತುದಿಯಲ್ಲಿ ಗಡ್ಡೆಯಂತೆ ಎರಡೂವರೆ ಪಟ್ಟು ಅಗಲವಾಗುವ ಕಾಂಕ್ರೀಟ್ ಕಂಬಗಳು ಉಂಟು, ಆದರೆ ಒಂದು ಟ್ರ್ಯಾಕ್ಟರಿನ ನೆರಳಿಗಾಗಿ ಅಷ್ಟು ಖರ್ಚು ಮಾಡುವವರು ವಿರಳ.

ನೆಲದ ವಿಷಯದಲ್ಲಿ ಪೂರ್ತಿ ಕಾಂಕ್ರೀಟಿನ ಮೋಹ ಹೆಚ್ಚುತ್ತಿದೆ. ಹಾಕುವುದೇ ಆದರೆ ಅದನ್ನು ಕಂಬಗಳಿಗೆ ಅಂಟಿಸದೆ, ನಡುವೆ ಅರ್ಧ ಇಂಚಿನ ಸಂದು ಬಿಟ್ಟು ಡಾಂಬರಿನಿಂದ ತುಂಬಬೇಕು, ಏಕೆಂದರೆ ನೆಲ ಏಳುವುದೂ ಕಂಬ ಏಳುವುದೂ ಒಂದೇ ಹೊತ್ತಿಗೆ ಒಂದೇ ಅಳತೆಯಲ್ಲಿ ನಡೆಯುವುದಿಲ್ಲ. ಮೇವಿನ ಶೆಡ್ಡಿಗೂ ಕಾರಿನ ಶೆಡ್ಡಿಗೂ ಹಳೆಯ ಪದ್ಧತಿಯಂತೆ ಕುಟ್ಟಿದ ಗರಸಿನ ಮೇಲೆ ದಪ್ಪ ಪರಸಿಗಲ್ಲು ಹಾಸುವುದೇ ಜಾಣತನ. ಉಬ್ಬಿದ ಪರಸಿಯನ್ನು ಹಾರೆಯಿಂದ ಎಬ್ಬಿಸಿ, ಕೆಳಗೆ ಸಮ ಮಾಡಿ, ಸಂಜೆಯೊಳಗೆ ಮತ್ತೆ ಕೂಡಿಸಬಹುದು. ಒಡೆದ ಕಾಂಕ್ರೀಟನ್ನು ಹಾಗೆ ಮಾಡಲು ಬರುವುದಿಲ್ಲ. ಸೂರಿನ ನೀರು ಪಾಯಾದ ಬುಡದಲ್ಲೇ ಬೀಳದಂತೆ ದೋಣಿ ಕಟ್ಟಿ ದೂರಕ್ಕೆ ಹರಿಸುವುದು ಮತ್ತು ಶೆಡ್ಡಿಗೆ ತಾಗಿ ಬೇವು, ಜಾಲಿಗಳನ್ನು ಬೆಳೆಸದಿರುವುದು ಇದೇ ಲೆಕ್ಕದ ಮಾತುಗಳು.

ಇನ್ನು ತಗಡು. ಮುಂಗಾರಿನ ಗಾಳಿ ಪಡುವಣದಿಂದ ಬೀಸುವುದರಿಂದ ಮೂಡಣದ ತುದಿಯಿಂದ ಹೊದಿಸುತ್ತ ಬಂದರೆ ಒಂದರ ಮೇಲೊಂದು ಬಂದ ತಗಡಿನ ಅಂಚು ಗಾಳಿಗೆ ಬೆನ್ನು ಮಾಡಿರುತ್ತದೆ. ಅಡ್ಡಮಳೆಯ ಬಿರುಗಾಳಿಯು ತಗಡನ್ನು ಕೆಳಗಿನಿಂದ ಎತ್ತುತ್ತದಾದ್ದರಿಂದ ಸೂರಿನ ಅಂಚಿನ ಸಾಲಿನಲ್ಲಿ ಸ್ಕ್ರೂಗಳನ್ನು ಒತ್ತಾಗಿ ಹಾಕಿಸಬೇಕು, ಪ್ರತಿಯೊಂದಕ್ಕೂ ರಬ್ಬರ್ ವಾಷರ್ ಇದೆಯೇ ಎಂದು ಮಾಲೀಕರೇ ನೋಡಬೇಕು. ಬಣ್ಣದ ಬಗ್ಗೆ ಒಂದು ಎಚ್ಚರಿಕೆ ಸಾಕು: ಹೊಸ ಜಿಂಕ್ ತಗಡಿಗೆ ನೇರವಾಗಿ ಎಣ್ಣೆಬಣ್ಣ ಬಳಿದರೆ ಬಣ್ಣದ ಎಣ್ಣೆಯೂ ಸತುವೂ ಸೇರಿ ಸಾಬೂನಿನಂಥ ಪದರವಾಗಿ ಬಣ್ಣವು ಹಾಳೆಹಾಳೆಯಾಗಿ ಏಳುತ್ತದೆ, ಆದ್ದರಿಂದ ಸತುವಿಗೆಂದೇ ಇರುವ ಪ್ರೈಮರ್ ಬೇಕು. ಒಳಗೆ ಗೊಬ್ಬರದ ಚೀಲಗಳನ್ನು ತಗಡಿಗೆ ಒರಗಿಸಿ ಒಟ್ಟಿದವರಿಗಂತೂ ಯಾವ ಪ್ರೈಮರೂ ನೆರವಾಗದು; ಯೂರಿಯಾ, ಪೊಟ್ಯಾಷ್‌ಗಳ ಉಪ್ಪು ತೇವ ಹೀರಿಕೊಂಡು ತಗಡಿನ ಬುಡವನ್ನು ಮೊದಲು ತಿಂದು, ಪಕ್ಕದಲ್ಲಿ ನಿಂತ ಟ್ರೇಲರಿನ ಅಡಿಪಟ್ಟಿಗೂ ಕೈ ಹಾಕುತ್ತದೆ.