ಮರುಗಾಯನಗಳ ತಾರತಮ್ಯ ವಿಚಾರ

ಒಬ್ಬರು ಹಾಡಿ ಪ್ರಸಿದ್ಧಿಗೆ ತಂದ ಹಾಡನ್ನು ಮತ್ತೊಬ್ಬರು ತಮ್ಮ ರೀತಿಯಲ್ಲಿ ಹಾಡಿ ಧ್ವನಿಮುದ್ರಿಸಿದರೆ ಅದನ್ನು ಅಮೆರಿಕದ ಸಂಗೀತವ್ಯಾಪಾರದವರು ‘ಕವರ್’ ಎನ್ನುತ್ತಾರೆ. ನಾವು ಇಲ್ಲಿ ಅದನ್ನು ಮರುಗಾಯನವೆಂದು ಕರೆಯುತ್ತೇವೆ. ಇಂತಹ ಹಾಡುಗಳನ್ನು ಕುರಿತು ರಸಿಕರಲ್ಲಿ ನಡೆಯುವ ವಾದವೆಲ್ಲ ಬಹುಮಟ್ಟಿಗೆ ಒಂದೇ ಪ್ರಶ್ನೆಯ ಸುತ್ತ ತಿರುಗುತ್ತದೆ: ಮೂಲವು ಮೇಲೋ, ಮರುಗಾಯನವು ಮೇಲೋ? ಇದಕ್ಕೆ ಕೆಲವರು ಕಂಠದ ಮಾಧುರ್ಯವನ್ನೂ, ಕೆಲವರು ಧ್ವನಿಮುದ್ರಿಕೆಗಳ ಮಾರಾಟವನ್ನೂ ಪ್ರಮಾಣವಾಗಿ ಹಿಡಿಯುತ್ತಾರೆ. ಈ ಪ್ರಮಾಣಗಳು ಸಾಲವೆಂಬುದು ನಮ್ಮ ಅಭಿಪ್ರಾಯ. ಒಂದು ಶಾಸನವು ದೊರೆತಾಗ ಅದರಲ್ಲಿ ಏನು ಬರೆದಿದೆ ಎಂಬುದರೊಡನೆ, ಅದನ್ನು ಯಾರು, ಯಾರನ್ನು ಉದ್ದೇಶಿಸಿ, ಯಾವ ಸಂದರ್ಭದಲ್ಲಿ ಬರೆಯಿಸಿದರು ಎಂಬುದನ್ನೂ ಚರಿತ್ರೆಯ ವಿದ್ಯಾರ್ಥಿಯು ಕೇಳಲೇಬೇಕಾಗುತ್ತದೆ. ಹಾಡಿನ ವಿಷಯದಲ್ಲಿಯೂ ಇದೇ ಪ್ರಶ್ನೆಯು ಮೊದಲು ಬರಬೇಕು.

ನಮ್ಮ ಆಲಂಕಾರಿಕರಿಗೆ ಇದು ತಿಳಿಯದ ಸಂಗತಿಯಲ್ಲ. ಮಮ್ಮಟನು ‘ಕಾವ್ಯಪ್ರಕಾಶ’ದ ಮೂರನೆಯ ಉಲ್ಲಾಸದಲ್ಲಿ, ಹೇಳುವವನು, ಕೇಳುವವನು, ಕಾಕು, ದೇಶ, ಕಾಲ ಮೊದಲಾದವುಗಳ ವಿಶೇಷದಿಂದ ಮಾತಿನ ವಾಚ್ಯಾರ್ಥವನ್ನು ಮೀರಿ ಬೇರೊಂದು ಅರ್ಥವು ತೋರುವುದನ್ನು ವಿವರಿಸಿದ್ದಾನೆ. ವಕ್ತೃ ಬದಲಾದರೆ ಧ್ವನಿತಾರ್ಥವೂ ಬದಲಾಗುತ್ತದೆ. ಕಾಕು, ಎಂದರೆ ಕೊರಳಿನ ಏರಿಳಿತ, ಬದಲಾದರೂ ಹಾಗೆಯೇ. ಅವನು ಹೇಳಿದ್ದು ಕಾವ್ಯವನ್ನು ಕುರಿತು, ನಿಜ. ಆದರೆ ಮರುಗಾಯನದಷ್ಟು ಸ್ಪಷ್ಟವಾದ ಉದಾಹರಣೆಯು ಆ ಸೂತ್ರಕ್ಕೆ ಬೇರೆ ಸಿಕ್ಕುವುದು ಕಷ್ಟ. ವಾಕ್ಯವು ಅದೇ, ಸ್ವರವು ಬಹುಪಾಲು ಅದೇ. ಹೇಳುವವರು ಮಾತ್ರ ಬೇರೆ.

ಉದಾಹರಣೆಗಳನ್ನು ನೋಡುವ ಮೊದಲು ಕಾನೂನಿನ ಸ್ಥಿತಿಯನ್ನು ತಿಳಿಯುವುದು ಅವಶ್ಯ. 1909ರ ಅಮೆರಿಕದ ಹಕ್ಕುಸ್ವಾಮ್ಯ ಶಾಸನದಂತೆ, ಒಂದು ಹಾಡಿನ ಮುದ್ರಣಕ್ಕೆ ಕರ್ತೃವು ಒಮ್ಮೆ ಒಪ್ಪಿಗೆ ಕೊಟ್ಟ ಮೇಲೆ ಯಾರು ಬೇಕಾದರೂ ಪ್ರತಿಯೊಂದಕ್ಕೆ 2 ಸೆಂಟುಗಳಂತೆ ತೆತ್ತು ಅದನ್ನು ಮತ್ತೆ ಮುದ್ರಿಸಬಹುದಾಗಿತ್ತು. ಧ್ವನಿಮುದ್ರಣಕ್ಕೇ ಒಕ್ಕೂಟದ ಕಾನೂನಿನ ರಕ್ಷಣೆ ದೊರೆತದ್ದು 1972ರ ಫೆಬ್ರವರಿ 15ರಿಂದ ಈಚೆಗೆ. ಪೌಲಾ ವಾಟ್ಸನ್ ಅವರ ಹಾಡೊಂದನ್ನು ಡೆಕ್ಕಾ ಕಂಪೆನಿಯು ಎವೆಲಿನ್ ನೈಟ್ ಅವರಿಂದ ಹಾಡಿಸಿದಾಗ, ಹಾಡಿನ ಅಳವಡಿಕೆಯನ್ನೇ ನಕಲು ಮಾಡಿದ್ದಾರೆಂದು ಮೊದಲಿನ ಕಂಪೆನಿಯು ಹೂಡಿದ ವ್ಯಾಜ್ಯವನ್ನು ಕ್ಯಾಲಿಫೋರ್ನಿಯದ ಒಕ್ಕೂಟ ನ್ಯಾಯಾಲಯವು 1950ರಲ್ಲಿ ತಳ್ಳಿಹಾಕಿತು. ಅಂದರೆ ಹಾಡಿನ ಮಾತಿಗೂ ಸ್ವರಕ್ಕೂ ಒಡೆತನವಿತ್ತು, ಕಾಕುವಿಗೆ ಇರಲಿಲ್ಲ. ಈ ವ್ಯವಸ್ಥೆಯಲ್ಲಿ ಯಾರಿಗೆ ನಷ್ಟವಾಯಿತೆಂಬುದನ್ನು ಊಹಿಸುವುದು ಕಷ್ಟವಲ್ಲ. 1955ರಲ್ಲಿ ಕಪ್ಪುಜನರ ಗಾಯಕ ಫ್ಯಾಟ್ಸ್ ಡಾಮಿನೊ ಅವರು ಹಾಡಿದ ‘ಏಂಟ್ ದಟ್ ಎ ಶೇಮ್’ ಸಾರ್ವತ್ರಿಕ ಪಟ್ಟಿಯಲ್ಲಿ 10ನೆಯ ಸ್ಥಾನದವರೆಗೆ ಬಂದಿತು. ಅದೇ ಹಾಡನ್ನು ಬಿಳಿಯ ಗಾಯಕ ಪ್ಯಾಟ್ ಬೂನ್ ಅವರು ಹಾಡಿದ್ದು ಮೊದಲನೆಯ ಸ್ಥಾನಕ್ಕೆ ಏರಿತು. ಬೂನ್ ಅವರ ಉಚ್ಚಾರಣೆ ಸ್ಫುಟವಾಗಿದೆ, ಶ್ರುತಿ ಶುದ್ಧವಾಗಿದೆ. ಹಾಡಿನ ಅಳಲು ಒಂದನ್ನುಳಿದು ಉಳಿದದ್ದೆಲ್ಲ ಅಲ್ಲಿದೆ. ಇದರ ಮೇಲೆ ಹೆಚ್ಚು ಹೇಳಬೇಕಾದುದಿಲ್ಲ.

‘ಹೌಂಡ್ ಡಾಗ್’ ಎಂಬ ಹಾಡಿನ ಕಥೆ ಇಷ್ಟು ಸರಳವಲ್ಲ. ಇದನ್ನು ಕಪ್ಪುಜನರ ಗಾಯಕಿ ಬಿಗ್ ಮಾಮಾ ಥಾರ್ನ್‌ಟನ್ ಅವರಿಂದ ಎಲ್ವಿಸ್ ಪ್ರೆಸ್ಲಿ ಅವರು ಕದ್ದರೆಂದು ಹೇಳುವ ರೂಢಿಯುಂಟು. ಹಾಡನ್ನು ರಚಿಸಿದವರು ಜೆರ್ರಿ ಲೀಬರ್ ಮತ್ತು ಮೈಕ್ ಸ್ಟಾಲರ್ ಎಂಬ 19 ವರ್ಷದ ಇಬ್ಬರು ಬಿಳಿಯ ತರುಣರು. ಥಾರ್ನ್‌ಟನ್ ಅವರ ಕಂಠವನ್ನು ಕೇಳಿ, ಆ ಕಂಠಕ್ಕಾಗಿಯೇ ಅದನ್ನು ಬರೆದರು; 1952ರ ಆಗಸ್ಟಿನಲ್ಲಿ ಲಾಸ್ ಏಂಜಲೀಸಿನಲ್ಲಿ ಅದರ ಮುದ್ರಣವಾಯಿತು. ಪ್ರೆಸ್ಲಿ ಅವರು ತಮ್ಮ ಪಾಠವನ್ನು ಪಡೆದದ್ದಾದರೂ ಥಾರ್ನ್‌ಟನ್ ಅವರಿಂದ ನೇರವಾಗಿ ಅಲ್ಲ. 1956ರಲ್ಲಿ ಲಾಸ್ ವೇಗಾಸಿನಲ್ಲಿ ಫ್ರೆಡ್ಡಿ ಬೆಲ್ ಅವರ ವಾದ್ಯಮೇಳವು ಮಾತುಗಳನ್ನು ತಿದ್ದಿ ವಿನೋದಕ್ಕಾಗಿ ಹಾಡುತ್ತಿದ್ದುದನ್ನು ಕೇಳಿ. ಗ್ರಂಥಸಂಪಾದಕರು ಹೇಳುವಂತೆ ಇದು ಪ್ರತಿಯ ಪ್ರತಿ. ಆದುದರಿಂದ ಕಳವೆಂಬ ಮಾತು ಇಲ್ಲಿ ಸರಿಯಾಗಿ ಹೊಂದುವುದಿಲ್ಲ. ಆದರೂ ಥಾರ್ನ್‌ಟನ್ ಅವರಿಗೆ ಅನ್ಯಾಯವಾಗಲಿಲ್ಲವೆಂದು ಇದರಿಂದ ಸಿದ್ಧವಾಗುವುದಿಲ್ಲ. ಈ ಹಾಡಿನಿಂದ ತಮಗೆ ಬಂದದ್ದು 500 ಡಾಲರುಗಳ ಒಂದೇ ಚೆಕ್ಕು ಎಂದು ಅವರು ಹೇಳಿಕೊಂಡಿದ್ದಾರೆ.

ಎರಡು ಮುದ್ರಣಗಳನ್ನು ಒಂದರ ಬಳಿಕ ಒಂದಾಗಿ ಕೇಳಿದರೆ ವಕ್ತೃವಿನ ಬದಲಾವಣೆಯಿಂದ ಏನಾಗುತ್ತದೆಂಬುದು ಸ್ಪಷ್ಟವಾಗುತ್ತದೆ. ಶೀರ್ಷಿಕೆಯ ಬೇಟೆನಾಯಿಯು ಮೂಲದಲ್ಲಿ ನಾಯಿಯಲ್ಲ. ಹೆಣ್ಣಿನ ದುಡಿಮೆಯನ್ನು ತಿಂದು, ಬಾಗಿಲಿಂದ ಬಾಗಿಲಿಗೆ ಮೂಸಿಕೊಂಡು ತಿರುಗುವ ಗಂಡಸು. ಥಾರ್ನ್‌ಟನ್ ಅವರ ಹಾಡಿನಲ್ಲಿ ಹೆಂಗಸೊಬ್ಬಳು ಅಂತಹವನನ್ನು ಮನೆಯಿಂದ ಹೊರಕ್ಕೆ ಹಾಕುತ್ತಿದ್ದಾಳೆ. ಅವಳಿಗೆ ಆತುರವಿಲ್ಲ, ಲಯವು ನಿಧಾನವಾಗಿದೆ, ಅವಳು ನಡುವೆ ಮಾತನಾಡುತ್ತಾಳೆ, ಗದರುತ್ತಾಳೆ. ಕೊನೆಯಲ್ಲಿ ವಾದ್ಯಗಾರರೇ ನಾಯಿಗಳಂತೆ ಬೊಗಳಿ ಊಳಿಡುತ್ತಾರೆ. ಪ್ರೆಸ್ಲಿ ಅವರಲ್ಲಿ ಹೆಂಗಸು ಹೋದಳು. ಅವಳೊಡನೆ ಮನೆಯೂ ಬಾಗಿಲೂ ಹೋದುವು. ಬೋದ್ಧವ್ಯನೂ ಉಳಿಯಲಿಲ್ಲ. 1956ರ ಜುಲೈ 1ರಂದು ಸ್ಟೀವ್ ಆ್ಯಲನ್ ಅವರ ದೂರದರ್ಶನ ಕಾರ್ಯಕ್ರಮದಲ್ಲಿ ಅವರಿಗೆ ಬಾಲಕೋಟು ತೊಡಿಸಿ, ಎದುರಿಗೆ ನಿಜವಾದ ನಾಯಿಯೊಂದನ್ನು ಕೂರಿಸಿ ಈ ಹಾಡನ್ನು ಹಾಡಿಸಿದರು. ಲಕ್ಷ್ಯಾರ್ಥವು ಅಳಿದು ವಾಚ್ಯಾರ್ಥವೇ ನಾಲ್ಕು ಕಾಲಿನ ಮೇಲೆ ಬಂದು ಕುಳಿತಂತಾಯಿತು! ಮರುದಿನವೇ ನ್ಯೂಯಾರ್ಕಿನಲ್ಲಿ ಅವರು 31 ಸಲ ಹಾಡಿ ಮುದ್ರಣವನ್ನು ಮುಗಿಸಿದರು. ಆ ಮುದ್ರಣದಲ್ಲಿ ಚರಣಗಳ ನಡುವೆ ಸಿಡಿಯುವ ಡೋಲಿನ ಹೊಡೆತದಲ್ಲಿಯೂ ಹಾಡುಗಾರರ ಆವೇಶದಲ್ಲಿಯೂ ಒಂದು ಹೊಸ ಶಕ್ತಿಯಿದೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಈ ಕೋಪ ಯಾರ ಮೇಲೆ, ಏಕೆ ಎಂದು ಕೇಳಿದರೆ ಹಾಡಿನಲ್ಲಿ ಉತ್ತರವಿಲ್ಲ. ಲಯದಲ್ಲಿ ಗೆದ್ದು ಅರ್ಥದಲ್ಲಿ ಸೋತ ಮರುಗಾಯನವಿದು.

ಇದಕ್ಕೆ ನೇರವಾಗಿ ವಿರುದ್ಧವಾದುದು ‘ರೆಸ್ಪೆಕ್ಟ್’. ನಾವು ಕೇಳಿರುವ ಮರುಗಾಯನಗಳಲ್ಲಿ ನಮಗೆ ಅತ್ಯಂತ ಪ್ರಿಯವಾದುದೂ ಇದೇ. ಮೂಲದ ಕರ್ತೃವೂ ಗಾಯಕರೂ ಓಟಿಸ್ ರೆಡ್ಡಿಂಗ್, ಮುದ್ರಣವಾದುದು 1965ರಲ್ಲಿ. ಅಲ್ಲಿ ದುಡಿದು ಮನೆಗೆ ಬರುವ ಗಂಡಸು ಹೆಂಡತಿಯಿಂದ ಸ್ವಲ್ಪ ಮರ್ಯಾದೆಯನ್ನು ಬೇಡುತ್ತಾನೆ. ಸಂಪಾದನೆಯನ್ನೆಲ್ಲ ಅವಳ ಕೈಗೆ ಒಪ್ಪಿಸುತ್ತೇನೆ, ಬಂದಾಗ ಒಂದಿಷ್ಟು ಗೌರವದಿಂದ ಕಾಣು ಎಂಬುದಷ್ಟೇ ಅವನ ಮನವಿ. ತುತ್ತೂರಿಗಳ ಅಬ್ಬರದ ನಡುವೆಯೂ ಆ ದನಿಯಲ್ಲಿ ದೈನ್ಯವಿದೆ. ಹಾಡು ಚೆನ್ನಾಗಿದೆ; ಆದರೆ ಅದು ಒಂದು ಮನೆಯ ಒಳಗಿನ ಮಾತು.

ಅರೀಥಾ ಫ್ರಾಂಕ್ಲಿನ್ ಅವರು 1967ರ ಫೆಬ್ರವರಿ 14ರಂದು ನ್ಯೂಯಾರ್ಕಿನಲ್ಲಿ ಇದನ್ನು ಹಾಡಿದಾಗ ಮಾತು ಹೆಂಡತಿಯ ಬಾಯಿಗೆ ಬಂದಿತು. ಹಣಕ್ಕಾಗಿ ಗಂಡನ ಕೈಯನ್ನು ನೋಡುವವಳಲ್ಲ ಅವಳು, ಅವಳಲ್ಲಿಯೂ ಹಣವಿದೆ. ಆದುದರಿಂದ ಅವಳು ಬೇಡುವುದಿಲ್ಲ, ಬರಬೇಕಾದ ಬಾಕಿಯನ್ನು ಕೇಳುತ್ತಾಳೆ. ಶೀರ್ಷಿಕೆಯ ಪದವನ್ನು ಒಂದೊಂದೇ ಅಕ್ಷರವಾಗಿ ಬಿಡಿಸಿ ಹೇಳುವ ಭಾಗವು ಮೂಲದಲ್ಲಿಲ್ಲ. ಮಂದಮತಿಯಾದ ಹುಡುಗನಿಗೆ ಉಪಾಧ್ಯಾಯಿನಿಯು ಕಾಗುಣಿತವನ್ನು ಕಲಿಸುವ ಕಾಕು ಅದು. ಹಿಂದಿನಿಂದ ದನಿಗೂಡಿಸುವವರು ಅವರ ತಂಗಿ ಕ್ಯಾರೊಲಿನ್ ಮತ್ತು ಅಕ್ಕ ಎರ್ಮಾ. (ಈ ಎರ್ಮಾ ಅವರೇ ಅದೇ ವರ್ಷ ಹಾಡಿದ ‘ಪೀಸ್ ಆಫ್ ಮೈ ಹಾರ್ಟ್’ ಮರುವರ್ಷ ಜ್ಯಾನಿಸ್ ಜಾಪ್ಲಿನ್ ಅವರ ಮರುಗಾಯನದಿಂದ ಮರೆಗೆ ಸರಿಯಿತು, ಅದು ಬೇರೆಯ ಪ್ರಸಂಗ.) ಫ್ರಾಂಕ್ಲಿನ್ ಅವರು ಡೆಟ್ರಾಯಿಟಿನ ಧರ್ಮಬೋಧಕರ ಮಗಳು, ಚರ್ಚಿನಲ್ಲಿ ಹಾಡಿ ಬೆಳೆದವರು. ಮುಂದಿನವರು ಕೂಗಿದುದಕ್ಕೆ ಸಭೆಯು ಓಗೊಡುವ ಆ ಸಂಪ್ರದಾಯವೇ ಸೋದರಿಯರ ದನಿಯಾಗಿ ಇಲ್ಲಿ ಬಂದಿದೆ. ಒಬ್ಬ ಹೆಂಗಸಿನ ಮಾತಿಗೆ ಹಿಂದಿನಿಂದ ಬೇರೆ ಹೆಂಗಸರು ಹೌದು ಹೌದೆಂದೊಡನೆಯೇ ಅದು ಮನೆಯ ಜಗಳವಾಗಿ ಉಳಿಯುವುದಿಲ್ಲ, ಒಂದು ಸಮುದಾಯದ ಹಕ್ಕೊತ್ತಾಯವಾಗುತ್ತದೆ. ದೇಶಕಾಲಗಳೂ ಹಾಗೆ ಕೂಡಿಬಂದುವು. ಕಪ್ಪುಜನರ ನಾಗರಿಕ ಹಕ್ಕುಗಳ ಹೋರಾಟವೂ ಸ್ತ್ರೀಯರ ಸಮಾನತೆಯ ಚಳವಳಿಯೂ ನಡೆಯುತ್ತಿದ್ದ ಆ ವರ್ಷಗಳಲ್ಲಿ ಇಬ್ಬಣದವರೂ ಈ ಹಾಡನ್ನು ತಮ್ಮದೆಂದು ತೆಗೆದುಕೊಂಡರು. ರೆಡ್ಡಿಂಗ್ ಅವರ ಮಾತುಗಳಲ್ಲಿ ಈ ಅರ್ಥವು ಬೀಜರೂಪದಲ್ಲಿಯಾದರೂ ಇತ್ತೇ? ಪದದಲ್ಲಿ ಇತ್ತು, ವಕ್ತೃವಿನಲ್ಲಿ ಇರಲಿಲ್ಲವೆಂದು ನಮಗೆ ತೋರುತ್ತದೆ. 1967ರ ಜೂನಿನಲ್ಲಿ ಮಾಂಟೆರೆ ಸಂಗೀತೋತ್ಸವದಲ್ಲಿ ರೆಡ್ಡಿಂಗ್ ಅವರು ಈ ಹಾಡನ್ನು ಹುಡುಗಿಯೊಬ್ಬಳು ತಮ್ಮಿಂದ ಒಯ್ದಳೆಂದು ನಗುತ್ತ ಹೇಳಿದರು. ವಿಚಿತ್ರವೇನೆಂದರೆ, ಅಮೆರಿಕದ ರೇಡಿಯೋ ನಿಲಯಗಳು ಹಾಡಿನ ಕರ್ತೃವಿಗೆ ಸಂಭಾವನೆ ಕೊಡುತ್ತಿದ್ದುವೇ ಹೊರತು ಗಾಯಕರಿಗೆ ಕೊಡುತ್ತಿರಲಿಲ್ಲ. ಆದುದರಿಂದ ಹಾಡನ್ನು ಒಯ್ದವರಿಗೆ ಆ ಹಣ ಸಲ್ಲಲಿಲ್ಲ. ಗೆದ್ದ ಫ್ರಾಂಕ್ಲಿನ್ ಅವರಿಗೂ ಸೋತ ಥಾರ್ನ್‌ಟನ್ ಅವರಿಗೂ ಈ ಒಂದು ವಿಷಯದಲ್ಲಿ ಸಾಮ್ಯವುಂಟು.

ಗಂಡಸಿನ ಹಾಡನ್ನು ಹೆಂಗಸು, ಹೆಂಗಸಿನದನ್ನು ಗಂಡಸು ಹಾಡಿದಾಗಲೆಲ್ಲ ಹೀಗಾಗುತ್ತದೆಂದು ಭಾವಿಸಬಾರದು. ಅಕ್ಕಮಹಾದೇವಿಯ ವಚನಗಳನ್ನು ಮಲ್ಲಿಕಾರ್ಜುನ ಮನ್ಸೂರರು ಹಾಡಿದಾಗ ವಕ್ತೃ ಬದಲಾಯಿತೆಂದು ಯಾವ ಕನ್ನಡಿಗನಿಗೂ ಅನ್ನಿಸುವುದಿಲ್ಲ. ಚೆನ್ನಮಲ್ಲಿಕಾರ್ಜುನನೆಂಬ ಅಂಕಿತವು ಬಂದೊಡನೆ ಮಾತು ಅಕ್ಕನದೇ ಎಂಬುದು ಮತ್ತೆ ಸ್ಥಾಪಿತವಾಗುತ್ತದೆ. ಗಾಯಕನು ಅದನ್ನು ನಮ್ಮ ಬಳಿಗೆ ತಂದುಕೊಡುವವನು. ಅಮೆರಿಕದ ಜನಪ್ರಿಯ ಗೀತೆಗೆ ಅಂಕಿತವಿಲ್ಲ. ಅಲ್ಲಿ ‘ನಾನು’ ಎಂಬುದು ತೆರವಾದ ಪೀಠ. ಹಾಡುವವರೇ ಏರಿ ಕುಳಿತುಕೊಳ್ಳಬೇಕು.

ಪೀಠವನ್ನು ಏರಿದವರ ಸ್ವಂತ ಜೀವನವೇ ಹಾಡಿನ ಅರ್ಥವಾಗಿಬಿಟ್ಟದ್ದಕ್ಕೆ ‘ಹರ್ಟ್’ ನಿದರ್ಶನ. ಟ್ರೆಂಟ್ ರೆಜ್ನರ್ ಅವರು 1994ರಲ್ಲಿ, ಇನ್ನೂ ಮೂವತ್ತು ತುಂಬದಿದ್ದಾಗ ಹೊರತಂದ ಈ ಹಾಡನ್ನು 2002ರಲ್ಲಿ 70 ವರ್ಷದ ಜಾನಿ ಕ್ಯಾಶ್ ಅವರು ಹಾಡಿದರು. ಒಂದು ಹೊಲಸು ಪದವನ್ನು ತೆಗೆದು ಅಲ್ಲಿ ಮುಳ್ಳನ್ನು ತಂದರು. ಕ್ರಿಸ್ತನ ಶಿರಸ್ಸಿನ ನೆನಪು ಅಷ್ಟರಿಂದಲೇ ಬಂದಿತು. ತರುಣನ ಬಾಯಿಯಲ್ಲಿ ಭೀತಿಯಾಗಿದ್ದುದು ವೃದ್ಧನ ಬಾಯಿಯಲ್ಲಿ ಲೆಕ್ಕ ಒಪ್ಪಿಸುವ ಮಾತಾಯಿತು. ಹಾಡು ಇನ್ನು ತಮ್ಮದಲ್ಲವೆಂದು ರೆಜ್ನರ್ ಅವರೇ ಒಪ್ಪಿಕೊಂಡಿದ್ದಾರೆ. ನಾವು ಅಷ್ಟು ದೂರ ಹೋಗಲಾರೆವು. ಮಾರ್ಕ್ ರೊಮನೆಕ್ ಅವರು ತಯಾರಿಸಿದ ಚಿತ್ರದಲ್ಲಿ ಕ್ಯಾಶ್ ಅವರ ನಡುಗುವ ಕೈಗಳನ್ನೂ, ಹಾಳುಬಿದ್ದ ಅವರ ವಸ್ತುಸಂಗ್ರಹಾಲಯವನ್ನೂ, ಪಕ್ಕದಲ್ಲಿ ನಿಂತ ಪತ್ನಿಯನ್ನೂ ಕಂಡವರಿಗೆ, ಅವರಿಬ್ಬರೂ 2003ರಲ್ಲಿಯೇ ತೀರಿಕೊಂಡದ್ದನ್ನು ತಿಳಿದವರಿಗೆ, ಕೊರಳೆಷ್ಟು ಹೇಳಿತು, ಕಣ್ಣೆಷ್ಟು ಹೇಳಿತು ಎಂದು ವಿಂಗಡಿಸುವುದು ಸುಲಭವಲ್ಲ. ಚಿತ್ರವನ್ನು ಬಿಟ್ಟು ಹಾಡನ್ನು ಮಾತ್ರ ಕೇಳಿದರೆ ರೆಜ್ನರ್ ಅವರ ಮೂಲವು ಇನ್ನೂ ಸರಿಸಮನಾಗಿಯೇ ನಿಲ್ಲುತ್ತದೆ.

ನಮ್ಮ ಅಳತೆಗೋಲಿಗೆ ಒಗ್ಗದ ಹಾಡೂ ಒಂದುಂಟು. ಬಾಬ್ ಡಿಲನ್ ಅವರು 1967ರ ನವೆಂಬರಿನಲ್ಲಿ ಮುದ್ರಿಸಿದ ‘ಆಲ್ ಅಲಾಂಗ್ ದಿ ವಾಚ್‌ಟವರ್’ ಹಾಡನ್ನು ಎರಡು ತಿಂಗಳು ಕಳೆದೊಡನೆ ಜಿಮಿ ಹೆಂಡ್ರಿಕ್ಸ್ ಅವರು ಲಂಡನ್ನಿನಲ್ಲಿ ಕೈಗೆತ್ತಿಕೊಂಡರು. ಇಲ್ಲಿ ವಕ್ತೃವಿನ ಲಿಂಗ, ವಯಸ್ಸು, ವೃತ್ತಿ ಯಾವುದೂ ಅರ್ಥಕ್ಕೆ ಬಾಧಕವಲ್ಲ. ಡಿಲನ್ ಅವರು ಮಿತವಾದ ವಾದ್ಯಗಳೊಡನೆ, ಕಥೆಯನ್ನು ಅರ್ಧದಲ್ಲಿಯೇ ನಿಲ್ಲಿಸಿದವರಂತೆ, ತಗ್ಗಿದ ದನಿಯಲ್ಲಿ ಹೇಳಿ ಮುಗಿಸುತ್ತಾರೆ. ಅವರು ಬರಲಿದೆಯೆಂದು ಸೂಚಿಸಿ ಬಿಟ್ಟ ಬಿರುಗಾಳಿಯನ್ನು ಹೆಂಡ್ರಿಕ್ಸ್ ಅವರ ಗಿಟಾರು ತಂದು ನಿಲ್ಲಿಸುತ್ತದೆ. ಕಾಕುವು ಕೊರಳನ್ನು ಬಿಟ್ಟು ತಂತಿಗೆ ಹೋಗಿದೆ. ಡಿಲನ್ ಅವರು ಈ ಹಾಡನ್ನು ಸಭೆಗಳಲ್ಲಿ 2000ಕ್ಕೂ ಹೆಚ್ಚು ಸಲ ಹಾಡಿದ್ದಾರೆ; 1974ರಲ್ಲಿ ಮೊದಲ ಬಾರಿಗೆ ಸಭೆಯಲ್ಲಿ ಹಾಡಿದಂದಿನಿಂದಲೂ ಹೆಚ್ಚಾಗಿ ಅನುಸರಿಸಿರುವುದು ತಮ್ಮ ಮುದ್ರಣವನ್ನಲ್ಲ, ಹೆಂಡ್ರಿಕ್ಸ್ ಅವರದನ್ನು.